ಮಂಜಿನಲ್ಲಿ ಎರಡು ವಿಸಿಲ್

ಬಾವಿ ದಾಟಿದ ಮೇಲೆ ಹೇಳ್ತೀನಿ ಅಂದಿದ್ದೆನಲ್ಲ... ದಾಟಿದ್ವಿ. ಹಿಂದೆ ತಿರುಗಿ ನೋಡ್ಬೇಡ, ನಡೀತಾ ಕೇಳು. ಕಟ್ಟುಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅಣ್ಣ ನೂಲಿನ ಮಿಲ್ಲಿನ ಬಸ್ ಓಡಿಸ್ತಾನೆ. ಮೊದಲ ಶಿಫ್ಟಿನ ಹೆಂಗಸರನ್ನ ಗುಡ್ಡದ ಮೇಲೆ ಹತ್ತಿಸ್ಕೊಂಡ್ರೆ ಮಿಲ್ಲಿನವರೆಗೂ ನಿಲ್ಲಿಸೋದು ಒಂದೇ ಕಡೆ. ಇಳಿಜಾರು ಮುಗಿಯೋ ಜಾಗದಲ್ಲಿ ರೈಲು ಹಳಿ. ಗೇಟಿಲ್ಲ, ಕಾಯೋರೂ ಇಲ್ಲ. ಅಲ್ಲಿ ಕಂಡಕ್ಟರ್ ಇಳೀಬೇಕು, ಹಳಿ ದಾಟಿ ಆ ಕಡೆ ನಿಲ್ಲಬೇಕು, ಎಡಕ್ಕೂ ಬಲಕ್ಕೂ ನೋಡಿ ವಿಸಿಲ್ ಊದ್ಬೇಕು. ಒಂದು ಊದಿದ್ರೆ ತಡಿ. ಎರಡು ಊದಿದ್ರೆ ಬಾ. ಹಳೇ ಡ್ರೈವರೊಬ್ಬರು ಅಲ್ಲೇ ರೈಲಿಗೆ ಸಿಕ್ಕಿ ಹೋದ ಮೇಲೆ ಬಂದ ಕಟ್ಟಳೆ ಇದು; ಹಳಿ ಪಕ್ಕ ಅವರ ಒಂದು ಚಪ್ಪಲಿ ಮಾತ್ರ ಸಿಕ್ಕಿತ್ತಂತೆ. ಈ ಕಂಡಕ್ಟರೋ, ಕೂತಲ್ಲೇ ಬೇರು ಬಿಡೋ ಆಸಾಮಿ.

ಅವತ್ತು ಬೆಳಗಿನ ಜಾವ... ಮಂಜು. ಲೈಟ್ ಹಾಕಿದ್ರೂ ಮೂರು ಮಾರು ಆಚೆ ಏನೂ ಕಾಣ್ತಿರಲಿಲ್ಲ. ಒಳಗೆ ಮೂವತ್ತೆರಡು ಹೆಂಗಸರು. ಮುಂದಿನ ಸೀಟಲ್ಲಿ ನನ್ನ ಹೆಂಡತಿ.

ಗುಡ್ಡ ಹತ್ತೋ ಗೇರಲ್ಲೇ ಇಳೀಬೇಕು ಅಂತಾನೆ ಅಣ್ಣ ಯಾವಾಗ್ಲೂ. ಎರಡನೇ ಗೇರಲ್ಲೇ ಇಳಿಸಿದ. ಹಳಿ ಹತ್ತಿರ ಬ್ರೇಕ್ ಒತ್ತಿದ. ಟುಸ್ಸ್... ಕಂಡಕ್ಟರ್ ಗೊಣಗ್ತಾ ಇಳಿದು ಬಾಗಿಲು ಧಡ್ ಅಂತ ಹಾಕ್ಕೊಂಡು ಹೋದ.

ವೈಪರ್ ಕಿರಕ್... ಟಪ್. ಕಿರಕ್... ಟಪ್.

ಪುರ್ರ್... ಪುರ್ರ್.

ಎರಡು. ಅಣ್ಣ ಕ್ಲಚ್ ಬಿಟ್ಟ. ಬಸ್ ಮುಂದಕ್ಕೆ ಉರುಳ್ತು. ಆಗ ಕಿವಿ ಹತ್ತಿರ ಯಾರೋ ಮೆಲ್ಲಗೆ ಅಂದ್ರು...

"ತಡಿಯಪ್ಪಾ. ಅವನಿನ್ನೂ ಹಳಿ ದಾಟಿಲ್ಲ."

ಅಣ್ಣನ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಯ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಿಟಕಿ ಗಾಜು ಅದುರೋಕೆ ಶುರುವಾಯ್ತು. ಸಣ್ಣಗೆ, ಜಿರ್ರ್ ಅಂತ. ಎದುರಿಗೇ ಗೂಡ್ಸ್ ಗಾಡಿ... ಧಡಲ್, ಧಡಲ್, ಧಡಲ್. ಬಂಪರಿಗೂ ಅದಕ್ಕೂ ಮಧ್ಯೆ ಎರಡೇ ಮೊಳ.

ಗಾಡಿ ಹೋದ ಮೇಲೆ ಕಂಡಕ್ಟರ್ ಓಡಿ ಬಂದ. ಬಂದದ್ದು ಹಳಿಯ ಈ ಕಡೆಯಿಂದಲೇ.

"ಅಣ್ಣಾ... ತಪ್ಪಾಯ್ತು. ಚಳಿ ಅಂತ ಇಲ್ಲೇ ಬಸ್ ಪಕ್ಕ ನಿಂತು ಊದ್ಬಿಟ್ಟೆ. ಎಂಜಿನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ..."

ಅಣ್ಣ ಹಿಂದೆ ತಿರುಗಿದ. ಸೀಟಿನ ಹಿಂದೆ ಯಾರೂ ನಿಂತಿಲ್ಲ.

"ನನ್ನ ಹತ್ತಿರ ಮಾತಾಡಿದ್ದು ಯಾರು?"

ನನ್ನ ಹೆಂಡತಿ ಅಂದ್ಲು, "ನಿಮ್ಮ ಹಿಂದೆ ನಿಂತಿದ್ರಲ್ಲ ಭಾವ, ಆ ಯಜಮಾನ್ರು. ಅರ್ಧ ಗುಡ್ಡದಿಂದ ನಿಂತೇ ಬಂದ್ರು. ಸೀಟು ಬಿಟ್ಕೊಡೋಕೆ ಹೋದೆ. 'ಬೇಡಮ್ಮ, ನಾನು ದಾರಿ ನೋಡ್ಬೇಕು' ಅಂದ್ರು."

ಅರ್ಧ ಗುಡ್ಡದಲ್ಲಿ ಬಸ್ ನಿಂತೇ ಇರಲಿಲ್ಲ.

ನಗು, ಪರವಾಗಿಲ್ಲ. ಮೊದಲು ನಾನೂ ನಕ್ಕಿದ್ದೆ. ಆದ್ರೆ ಆ ಎರಡು ಮೊಳ ಹೆಚ್ಚುಕಮ್ಮಿ ಆಗಿದ್ರೆ ಇವತ್ತು ನಾನು ಹೋಗೋ ಮನೆಯಲ್ಲಿ ದೀಪ ಇರ್ತಿರಲಿಲ್ಲ. ಅಣ್ಣ ಈಗ ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ತಾನೇ ಇಳಿದು ಹೋಗಿ ನೋಡ್ತಾನೆ. ಹಳಿಗೆ ಕಿವಿ ಕೊಡೋದೊಂದು ಬಾಕಿ.

ಅವಳು ಸುಳ್ಳು ಹೇಳೋಳಲ್ಲ. ಹೇಳೋ ಹಾಗಿದ್ರೆ ನನ್ನ ಅಡುಗೆ ಚೆನ್ನಾಗಿದೆ ಅಂತ ಒಂದು ದಿನವಾದ್ರೂ ಹೇಳ್ತಿದ್ಲು. ನಡೆದದ್ದನ್ನ ನಡೆದ ಹಾಗೆ ಹೇಳಿದ್ದೀನಿ. ಬಾ, ಇನ್ನೂ ಎದ್ದಿರ್ತಾಳೆ, ನೀನೇ ಕೇಳು. ಆ ಯಜಮಾನ್ರ ಮೈಮೇಲೆ ಖಾಕಿ ಅಂಗಿ ಅಂತಾಳೆ. ಒಂದೇ ಕಾಲಲ್ಲಿ ಚಪ್ಪಲಿ.