ಬೀಗ ತೆಗೆದ ಚಿಪ್

ಮುಂಬಯಿ ಸಾಂತಾಕ್ರೂಜಿನ ಆಸ್ಪತ್ರೆಯೊಂದರಲ್ಲಿ, ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಗುರುತಿಲ್ಲದ ಇಬ್ಬರು, ಸೋದರಮಾವ ಮತ್ತು ಅಳಿಯ, ನಮ್ಮ ಊರ ಕಡೆಯ ಕನ್ನಡದಲ್ಲಿ ಮಾತಾಡತೊಡಗಿದಾಗ ಸಾಲು ತಪ್ಪಿತು.

"ಭಾವನ ಆಕ್ಸಿಜನ್ ಮೆಶಿನ್ ನಡೀತಾ ಇತ್ತಲ್ಲ ತಿಲಕ್, ಯಾಕೆ ಬಿಚ್ಚಿದ್ದು?"

"ಇಷ್ಟು ಗಂಟೆ ಓಡಿದ ಮೇಲೆ ತಾನೇ ನಿಲ್ಲುವ ಹಾಗೆ ಕಂಪನಿಯವರು ಇಟ್ಟಿದ್ರು ಮಾವ, ಆ ಗಂಟೆ ಮುಗೀತಾ ಬಂದಿತ್ತು. ಸರ್ವಿಸ್ ಮಾಡಿಸುವಾ ಅಂದ್ರೆ ಕಂಪನಿಯೇ ಮುಚ್ಚಿದೆ. ನಿಮ್ಮ ಹೋಟೆಲಿನ ಬಿಲ್ಲಿಂಗ್ ಮೆಶಿನಿನ ಚಿಪ್ಪಿನೊಳಗಿನ ಪ್ರೋಗ್ರಾಂ ಓದಿ ನಾನು ಸರಿ ಮಾಡಿರ್ಲಿಲ್ವಾ, ಹಾಗೇ ಮಾಡುವಾ ಅಂತ."

"ಅದು ಕೆಟ್ರೆ ಇಡ್ಲಿಯ ಬಿಲ್ ಕೈಯಲ್ಲಿ ಬರೀಬಹುದು ಮಾರಾಯ."

"ಅಪ್ಪ ಸ್ನಾನಕ್ಕೆ ಹೋಗುವಾಗ ಮೂಗಿನ ನಳಿಗೆ ತೆಗೀತಿದ್ರು. ಅಷ್ಟರೊಳಗೆ ಆಗ್ತದೆ ಅಂದ್ಕೊಂಡೆ. ಒಳಗಿನದ್ದನ್ನು ಯಾರೂ ಓದದ ಹಾಗೆ ಚಿಪ್ಪಿಗೆ ಬೀಗ ಇತ್ತು. ಬೀಗ ತೆಗೆದ ಕೂಡಲೇ ಒಳಗಿನ ಪ್ರೋಗ್ರಾಂ ಪೂರಾ ಅಳಿಸಿಹೋಯ್ತು, ಮತ್ತೆ ಮೆಶಿನ್ ನಡೀಲೇ ಇಲ್ಲ. ಕದಿಯುವವರಿಗೆ ಸಿಗಬಾರದು ಅಂತ ಹಾಗೆ ಮಾಡಿಟ್ಟಿರ್ತಾರೆ."

"ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅವಸರದಲ್ಲಿ ಮರೆತೆ. ಸಿಲಿಂಡರ್ ತರುವಷ್ಟರಲ್ಲಿ ಅಪ್ಪನಿಗೆ ಪ್ರಜ್ಞೆ ಇರ್ಲಿಲ್ಲ."

ಮಾವ ಐಸಿಯುವಿನ ಬಾಗಿಲ ಕಡೆ ನೋಡಿದರು.

"ಅಕ್ಕನಿಗೆ ಎಂತ ಹೇಳಿದ್ದಿ?"

"ಮೆಶಿನ್ ತಾನೇ ಕೆಟ್ಟಿತು ಅಂತ."

"ನಂಬಿದ್ಳಾ?"

"ಅಮ್ಮ ನಂಬಿದ್ರು. ಸರಿ ಮಾಡ್ಲಿಕ್ಕೆ ಮಗ ಎಷ್ಟು ಒದ್ದಾಡಿದ ಅಂತ ಬಂದವರ ಹತ್ರ ಎಲ್ಲ ಹೇಳ್ತಿದ್ದಾರೆ."

ಬಾಗಿಲು ತೆರೆದು ನರ್ಸ್ ಅವರ ಮನೆಯವರನ್ನೆಲ್ಲ ಒಳಗೆ ಬರಹೇಳಿದಳು. ಹುಡುಗ ಏಳಲಿಲ್ಲ. ಮಾವ ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ನಡಿ. ಒಳಗೆ ಅಕ್ಕ ನಿನ್ನ ಕೈ ಹಿಡ್ಕೊಳ್ತಾಳೆ. ಬಿಡಿಸ್ಕೊಳ್ಬೇಡ."

ಇಬ್ಬರೂ ಒಳಗೆ ಹೋದರು.