ಕೇರಿಯ ಒಂಬತ್ತು ಚಿತ್ರ

ಹೊನ್ನಾಳಿ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಯುವತಿ ಕೂತಿದ್ದಳು. ಕಾಲ ಬಳಿ ಗೋಣಿಚೀಲದಲ್ಲಿ ಚಿತ್ರ ಬರೆದ ಒಂಬತ್ತು ಹಲಗೆಗಳಿದ್ದವು. ವಯಸ್ಸಾದವರೊಬ್ಬರು ಬಂದು ಅವಳನ್ನು ಗುರುತಿಸಿದರು.

“ಯಾಕೆ ಸಂಘಮಿತ್ರಾ, ಚಿತ್ರ ವಾಪಸ್ ತಂದೀಯಾ?”

“ಗೋಡೆ ಸಾಲ್ಲಿಲ್ಲ ದೊಡ್ಡಪ್ಪ. ಹಳೇ ಅಕ್ಕಿ ಮಿಲ್ಲು ಗ್ರಂಥಾಲಯ ಆತಲ್ಲ, ಅಲ್ಲಿ ನಮ್ಮೂರ ಚಿತ್ರಕ್ಕೆ ಅಂತ ಕೊಟ್ಟ ಗೋಡೇಲಿ ಇನ್ನೊಂದು ಬಾಗಿಲು ಒಡೆದಾರೆ.”

“ಊರಿನ ಎಲ್ಲ ಮನೆಯೋರೂ ಒಂದೊಂದು ಬರೆದಿದ್ರು. ನಮ್ಮ ಕೇರೀವೇ ಯಾಕೆ ಉಳಿದ್ವು?”

“ಹಲಗೆ ಹಿಂದಿನ ನಂಬರ್ ಪ್ರಕಾರ ಕೂರಿಸ್ತಾ ಬಂದ್ರು. ನಮ್ಮವು ಕೊನೇವು.”

“ನಂಬರ್ ಹಾಕಿದ ಪುಣ್ಯಾತ್ಮ ಯಾರು?”

ಅವಳು ಗೋಣಿಚೀಲದ ಬಾಯಿ ಮಡಚಿದಳು.

“ನಾನೇ. ಗುಡಿ ಬೀದಿಯಿಂದ ಶುರು ಮಾಡಿದೆ. ಕೈ ತಾನಾಗೇ ಹಂಗೆ ಹೋತು.”

“ಕಿತ್ತು ಬೇರೆ ಥರ ಕೂರ್ಸಾಕೆ ಬರಲ್ವಾ?”

“ಅಂಟು ಹಾಕಿ ಮೊಳೆ ಹೊಡೆದಾರೆ. ಕಿತ್ತರೆ ಎಲ್ಲಾರವೂ ಹಾಳಾಗ್ತವೆ.”

“ನಾಳೆ ಉದ್ಘಾಟನೆ. ನಿಮ್ಮಜ್ಜಿ ತಾನು ಬರೆದ ಚಿತ್ರ ಗೋಡೆ ಮೇಲೆ ನೋಡಾಕೆ ಹೊಸ ಸೀರೆ ತೆಗೆದಿಟ್ಟಾಳೆ.”

“ಅಜ್ಜಿಗೆ ನೀವೇ ಹೇಳ್ರಿ.”

“ನನ್ನ ಕೈಲಿ ಆಗಲ್ಲವ್ವ.”

ಅವರ ಊರಿನ ಬಸ್ ಬಂತು.

“ಇದು ಹೋಗ್ಲಿ ದೊಡ್ಡಪ್ಪ. ಮುಂದಿನದಕ್ಕೆ ಹೋಗಾಣ.”

“ಎಷ್ಟು ಬಸ್ ಬಿಟ್ರೂ ಮನೆಗೆ ಹೋಗ್ಲೇಬೇಕಲ್ಲ.”

ಅವರು ಚೀಲದ ಒಂದು ತುದಿ ಹಿಡಿದು ನಿಂತರು. ಕಂಡಕ್ಟರ್ ಎರಡು ಸಲ ಸೀಟಿ ಊದಿದ ಮೇಲೆ ಅವಳು ಇನ್ನೊಂದು ತುದಿ ಹಿಡಿದಳು.