ಚೀಟಿಯಣ್ಣ ಕೆಡಿಸದ ಡಿಸ್ಕ್

ಚೀಟಿಯಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆಯವರೇ, ಅವರ ಮಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ, ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಬಂದ ನರ್ಸಮ್ಮಂದಿರೇ, ಲ್ಯಾಬಿನವರೇ — ಎಲ್ಲರಿಗೂ ನಮಸ್ಕಾರ.

ತೀರಿಹೋದ ಚೀಟಿಯಣ್ಣನ ಬಗ್ಗೆ ಕಂಪ್ಯೂಟರ್ ವಿಭಾಗದ ಪರವಾಗಿ ಎರಡು ಮಾತಾಡು ಎಂದು ನನ್ನನ್ನು ಕರೆದಿದ್ದಾರೆ. ನನ್ನನ್ನೇ ಯಾಕೆ ಕರೆದರು ಎಂದು ಬೆಳಿಗ್ಗೆಯಿಂದ ಅನುಮಾನ. ನಗಬೇಡಿ — ನನ್ನ ಬುದ್ಧಿ ನಿಮಗೆ ಗೊತ್ತು. ನನಗೆ 'ಪತ್ತೇದಾರ' ಎಂದು ಹೆಸರಿಟ್ಟವರೇ ಇಲ್ಲಿ ಅರ್ಧ ಜನ ಇದ್ದೀರಿ. ಈ ಮೈಕು ಕೈಕೊಡುತ್ತದೆಂದು ಮೊದಲೇ ಬಂದು ಎರಡು ಸಲ ತಟ್ಟಿ ನೋಡಿದ್ದೇನೆ.

ಚೀಟಿಯಣ್ಣ — ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಸರ್ವರ್ ಕೋಣೆಯ ಒಂದೊಂದು ಡಿಸ್ಕಿಗೂ ಬಿಳಿ ಚೀಟಿ ಅಂಟಿಸಿ ಪೆನ್ಸಿಲ್ಲಿನಲ್ಲಿ ಹೆಸರು ಬರೆಯುತ್ತಿದ್ದರು. ಆಸ್ಪತ್ರೆಯ ವರದಿಗಳನ್ನೆಲ್ಲ ಇಡುವ ನಮ್ಮ ಯುನಿಕ್ಸ್ ಸರ್ವರ್ ಯಂತ್ರಗಳಲ್ಲಿ ಎರಡೆರಡು ಬೂಟ್ ಡಿಸ್ಕ್. ಯಂತ್ರ ಏಳುವಾಗ ಮೊದಲು ಹುಡುಕುವುದು ಅದನ್ನೇ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿ. ಯಂತ್ರದೊಳಗೆ ಆ ಡಿಸ್ಕಿಗಿರುವ ಹೆಸರು ಬದಲಿಸಿದರೆ, ಯಂತ್ರ ಏಳುವಾಗ ಓದುವ ಪಟ್ಟಿಯಲ್ಲೂ ಬದಲಿಸಬೇಕು. ಮರೆತರೆ ಏನಾಗುತ್ತದೆ? ಏನೂ ಆಗುವುದಿಲ್ಲ! ಅದೇ ಅಪಾಯ. ಓಡುತ್ತಿರುವ ಯಂತ್ರ ತಿಂಗಳುಗಟ್ಟಲೆ ಓಡುತ್ತಲೇ ಇರುತ್ತದೆ. ಯಾರೋ ಆಫ್ ಮಾಡಿ ಆನ್ ಮಾಡಿದ ದಿನ — ಏಳುವುದಿಲ್ಲ. ಪಟ್ಟಿಯೇ ತಪ್ಪಿದ್ದರೆ ಜೋಡಿ ಡಿಸ್ಕ್ ಇದ್ದೂ ಪ್ರಯೋಜನವಿಲ್ಲ. ಅದಕ್ಕೇ ನಾವು ಏನನ್ನು ಮುಟ್ಟಿದರೂ ಚೀಟಿಯಣ್ಣ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು — ಹೀಗೆ, ಎರಡೂ ಕೈ ಚಾಚಿ. "ಆಫ್ ಮಾಡಿ ಆನ್ ಮಾಡಿ ನೋಡಿದ್ಯೇನಪ್ಪಾ? ನೋಡ್ದೆ ಮನೆಗೆ ಹೋಗ್ಬೇಡ."

ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ, ಫ್ಯಾನು ಬದಲಿಸಲೆಂದು ಲ್ಯಾಬಿನ ಸರ್ವರನ್ನು ಅವರು ಆಫ್ ಮಾಡಿದರು. ಆನ್ ಮಾಡಿದರು. ಏಳಲಿಲ್ಲ. ನಾಲ್ಕು ಗಂಟೆ ಹೊತ್ತು ರಕ್ತಪರೀಕ್ಷೆಯ ವರದಿಗಳನ್ನು ಕೈಯಲ್ಲಿ ಹಿಡಿದು ಈ ನರ್ಸಮ್ಮಂದಿರು ಮಹಡಿ ಹತ್ತಿ ಇಳಿದರು. ವಿಚಾರಣೆಯಾಯಿತು. ಬೂಟ್ ಡಿಸ್ಕಿನ ಹೆಸರು ಅರ್ಧಂಬರ್ಧ ಬದಲಾಗಿತ್ತು. ಬದಲಿಸಿದ್ದು ಯಾರು? ಚೀಟಿಯಣ್ಣ ತುಟಿ ಬಿಚ್ಚಲಿಲ್ಲ. ನನಗೋ — ತುಟಿ ಬಿಚ್ಚದವರನ್ನು ಕಂಡರೆ ಮೈಯೆಲ್ಲ ಅನುಮಾನ. 'ಡಿಸ್ಕಿಗೆ ಹೆಸರಿಡುವ ಹುಚ್ಚು ಇವರೊಬ್ಬರಿಗೇ. ತಾವಿಲ್ಲದೆ ಏನೂ ನಡೆಯಬಾರದೆಂದು ಬೇಕಂತಲೇ ಮಾಡಿದ್ದಾರೆ' — ಹೀಗೆ ಬರೆದು ಒಬ್ಬರು ಸಹಿ ಹಾಕಿ ಕೊಟ್ಟರು. ಆ ಒಬ್ಬರು ನಾನು.

ಅವರ ಕೈಯಿಂದ ಕೋಣೆಯ ಕೀಲಿ ಕಸಿದು ಅವರನ್ನು ಸ್ಟೋರಿನ ಕೆಲಸಕ್ಕೆ ಹಾಕಿದರು. ಎರಡು ವರ್ಷ ಕೀಬೋರ್ಡು, ಪ್ರಿಂಟರಿನ ಇಂಕು ಕೊಡುತ್ತ ಕೂತರು. ನಾನು ಅಲ್ಲಿಗೂ ಹೋಗಿ ಇಣುಕುತ್ತಿದ್ದೆ — ಇನ್ನೇನು ಮಸಲತ್ತು ನಡೆಸಿದ್ದಾರೋ ಎಂದು. ಅವರು ಮೌಸುಗಳಿಗೆ ಚೀಟಿ ಅಂಟಿಸುತ್ತಿದ್ದರು.

ಅವರು ಹೋದ ಮೂರನೇ ದಿನ, ಆ ಹಳೇ ಸರ್ವರನ್ನು ಕಳಚುವ ಕೆಲಸ ನನ್ನ ಪಾಲಿಗೆ ಬಂತು. ಕಳಚುವ ಮೊದಲು, ಯಾರು ಯಾವಾಗ ಏನು ಮಾಡಿದರೆಂದು ಅದು ಬರೆದಿಟ್ಟುಕೊಂಡ ದಾಖಲೆ ತೆರೆದೆ. ಯಾಕೆ ಗೊತ್ತೇ? ನಾನು ಬರೆದದ್ದೇ ಸರಿ ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಸತ್ತವರನ್ನೂ ಬಿಡಲಿಲ್ಲ ನಾನು. ಹೆಸರು ಬದಲಿಸಲು ಯಂತ್ರಕ್ಕೆ ಕೊಟ್ಟ ಆಜ್ಞೆ ಸಿಕ್ಕಿತು. ಆ ಸೋಮವಾರಕ್ಕಿಂತ ಎಂಟು ತಿಂಗಳು ಹಿಂದಿನದು. ಅದರ ಎದುರಿಗೆ ಇದ್ದದ್ದು — ನನ್ನ ಲಾಗಿನ್.

ಆಗ ನೆನಪಾಯಿತು. ಅವತ್ತು ಚೀಟಿಯಣ್ಣ ರಜೆ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದ್ದೆ, ಹೆಸರು ಬದಲಿಸಿದ್ದೆ, ಪಟ್ಟಿ ಮರೆತಿದ್ದೆ. ಬಸ್ಸು ತಪ್ಪುತ್ತದೆಂದು ಓಡಿದ್ದೆ. ಬಾಗಿಲಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ.

ವಿಚಾರಣೆಯವರು ಈ ದಾಖಲೆ ನೋಡಲಿಲ್ಲ. ಅವರಿಗೆ ನನ್ನ ಕಾಗದವೇ ಸಾಕಾಯಿತು. ಆದರೆ ಒಬ್ಬರು ನೋಡಿದ್ದರು. ವಿಚಾರಣೆಯ ಹಿಂದಿನ ದಿನ ಚೀಟಿಯಣ್ಣ ಅದನ್ನು ತೆರೆದು ಓದಿದ್ದರು. ಅದೂ ದಾಖಲಾಗಿದೆ.

ಗೊತ್ತಿದ್ದೂ ಸುಮ್ಮನಿದ್ದರೇ? ಇದರಲ್ಲೂ ಏನೋ ಇದೆ ಎಂದುಕೊಂಡೇ ಅತ್ತಿಗೆಯ ಹತ್ತಿರ ಹೋದೆ. ಅವರ ಅಪ್ಪಣೆ ಪಡೆದು ಹೇಳುತ್ತಿದ್ದೇನೆ. "ಅವನಿನ್ನೂ ಖಾಯಂ ಆಗಿಲ್ಲ, ಹೇಳಿದ್ರೆ ಕೆಲಸದಿಂದ ತೆಗೀತಾರೆ, ನನ್ನನ್ನಾದ್ರೆ ಬೇರೆ ಕಡೆ ಹಾಕ್ತಾರೆ ಅಷ್ಟೇ, ಅಂದಿದ್ರು," ಎಂದರು ಅತ್ತಿಗೆ. ಆಮೇಲೆ ಅಂದರು — "ಮಾರನೇ ದಿನ ನಿಮ್ಮ ಕಾಗದ ಓದಿದ್ರು. ಅವತ್ತು ಊಟ ಮಾಡ್ಲಿಲ್ಲ."

ನನಗೆ ನಾಚಿಕೆಯಾಗುತ್ತಿದೆ.

ಸಾಹೇಬರೇ, ಇವತ್ತು ಬೆಳಿಗ್ಗೆ ಕೊಟ್ಟ ಪತ್ರ ನಿಮ್ಮ ಜೇಬಿನಲ್ಲಿದೆ. ವಿಚಾರಣೆಯ ವರದಿಯಿಂದ ಅವರ ಹೆಸರು ತೆಗೆದು ನನ್ನದು ಹಾಕಿ. ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಿಸಿ, ಅರ್ಧಕ್ಕೆ ಬಿಡಬೇಡಿ. ನೀವು ಆ ಪತ್ರವನ್ನು ಕಪಾಟಿಗೆ ಸೇರಿಸಿಬಿಡುತ್ತೀರೋ ಎಂದು ನನಗೆ ಅನುಮಾನ — ಅದಕ್ಕೇ ಇಷ್ಟು ಜನರೆದುರು, ಅವರ ಮಗಳೆದುರು ಹೇಳುತ್ತಿದ್ದೇನೆ.

ಆನ್ ಮಾಡಿದ ಮೇಲೆ ಆ ಯಂತ್ರ ಏಳಲು ಮೂರು ನಿಮಿಷ ಬೇಕಿತ್ತು. ಅಷ್ಟು ಹೊತ್ತೂ ಚೀಟಿಯಣ್ಣ ಕೂರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಯಂತ್ರದ ಮೇಲೆ ಅಂಗೈ ಇಟ್ಟು ನಿಂತಿರುತ್ತಿದ್ದರು. ಅದು ಎದ್ದ ಮೇಲೆಯೇ ಮನೆಗೆ ಹೊರಡುತ್ತಿದ್ದದ್ದು.

ಅವರು ಏಳುವುದಿಲ್ಲ, ಗೊತ್ತು. ಆದರೂ — ಮೂರು ನಿಮಿಷ, ಮಾತಿಲ್ಲದೆ — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.